ಸೀಮೆಯ ರಫ್ತು–ಆಮದುಗಳ ಸರಿತೂಕ

ಭೂಹಿಡುವಳಿದಾರರ ಹಾಗೂ ಗ್ರಾಮ ಮುಖಂಡರ ತಿಳಿವಳಿಕೆಗಾಗಿ

೧. ಪೀಠಿಕೆ

ಹತ್ತಿಯ ಸುಗ್ಗಿಯಲ್ಲಿ ನವಲಗುಂದ, ಅಣ್ಣಿಗೇರಿಗಳ ಎರೆ ಸೀಮೆಯಿಂದ ಮಾಲು ತುಂಬಿದ ಗಾಡಿಗಳು ಹುಬ್ಬಳ್ಳಿಯ ಪೇಟೆಗೆ ಸಾಲುಗಟ್ಟಿ ಹೊರಟರೆ, ಆ ವರ್ಷ ಸೀಮೆಗೆ ಒಳ್ಳೆಯದಾಯಿತೆಂದು ಜನರು ಹೇಳುವದುಂಟು. ಆದರೆ ಹೊರಗೆ ಹೋದ ಮಾಲಿನ ರಾಶಿಯನ್ನಷ್ಟೇ ನೋಡಿ ಸೀಮೆಯ ಏಳಿಗೆಯನ್ನು ಅಳೆಯುವದೆಂದರೆ, ಮನೆಯ ಕೀರ್ದಿಯಲ್ಲಿ ಜಮೆಯ ಬದಿಯನ್ನು ಓದಿ ಖರ್ಚಿನ ಬದಿಯನ್ನು ಓದದೆ ಬಿಟ್ಟಂತೆಯೇ ಸರಿ. ಏನು ಹೊರಗೆ ಹೋಯಿತು, ಏನು ಒಳಗೆ ಬಂದಿತು, ಎರಡರ ನಡುವಿನ ಅಂತರವು ಯಾವ ಬಗೆಯಿಂದ ತುಂಬಿತು ಎಂಬ ಮೂರು ಮಾತುಗಳನ್ನೂ ಕೂಡಿಸಿ, ಅದೂ ಒಂದು ವರ್ಷದ್ದಲ್ಲ, ಹತ್ತಿಪ್ಪತ್ತು ವರ್ಷಗಳದ್ದನ್ನು ನೋಡಿದಾಗಲೇ ನಿಜಸ್ಥಿತಿಯು ಗೊತ್ತಾಗುವದು. ಈ ಲೆಕ್ಕವನ್ನು ನೋಡುವ ಬಗೆಯನ್ನು ಈ ಪತ್ರಿಕೆಯಲ್ಲಿ ವಿವರಿಸಲಾಗಿದೆ.

ರಾಜ್ಯದ ಗಡಿಗಳಿಗೂ ಈ ಲೆಕ್ಕಕ್ಕೂ ನೇರವಾದ ಸಂಬಂಧವಿಲ್ಲ. ೧೯೪೮ರ ವರೆಗೆ ಕುಂದಗೋಳವು ಜಮಖಂಡಿ ಸಂಸ್ಥಾನದ ತಾಲೂಕಾಗಿತ್ತು. ನವಲಗುಂದ, ಕಲಘಟಗಿಗಳು ಮುಂಬಯಿ ಇಲಾಖೆಗೆ ಸೇರಿದ್ದವು. ಕಂದಾಯವನ್ನು ಬೇರೆ ಬೇರೆ ಖಜಾನೆಗಳಿಗೆ ಕಟ್ಟುತ್ತಿದ್ದರೂ ಎಲ್ಲರ ಪೇಟೆಯು ಹುಬ್ಬಳ್ಳಿಯೇ ಆಗಿತ್ತು. ಆದಕಾರಣ ಇಲ್ಲಿ 'ಸೀಮೆ' ಎಂದರೆ ಒಂದೇ ಬಗೆಯ ಭೂಮಿ, ಒಂದೇ ಬಗೆಯ ಬೆಳೆ, ಒಂದೇ ಪೇಟೆಯುಳ್ಳ ಊರುಗಳ ಸಮೂಹವೆಂದು ತಿಳಿಯತಕ್ಕದ್ದು.

೨. ಪ್ರತಿಯೊಬ್ಬರೊಡನೆಯೂ ಲೆಕ್ಕ ಸರಿಯಾಗಬೇಕಿಲ್ಲ

ಎರೆ ಭೂಮಿಯ ನವಲಗುಂದವು ಹತ್ತಿ, ಬಿಳಿಜೋಳ, ಗೋದಿ, ಕಡಲಿ, ಹೆಸರುಗಳನ್ನು ಬೆಳೆಯುವದು. ಮಲೆನಾಡಿನ ಅಂಚಿನಲ್ಲಿರುವ ಕಲಘಟಗಿಯು ಭತ್ತವನ್ನು ಬೆಳೆಯುವದು. ಕುಂದಗೋಳದಿಂದ ಮೆಣಸಿನಕಾಯಿಯೂ ಹತ್ತಿಯೂ ಹೊರಡುವವು. ಉಪ್ಪು, ತೆಂಗು, ಅಡಿಕೆಗಳು ಘಟ್ಟದಿಂದಲೂ ಘಟ್ಟದ ಕೆಳಗಿನಿಂದಲೂ ಬರತಕ್ಕವು. ಒಂದು ಭೂಮಿಗೆ ಸಾಧ್ಯವಾದದ್ದು ಮತ್ತೊಂದಕ್ಕೆ ಸಾಧ್ಯವಿಲ್ಲದಿರುವದರಿಂದಲೇ ವ್ಯಾಪಾರವು ಹುಟ್ಟಿತು.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ಮೊದಲೇ ತೆಗೆದುಹಾಕಬೇಕು. ನವಲಗುಂದದವರು ಕಲಘಟಗಿಯಿಂದ ಅಕ್ಕಿಯನ್ನು ಹೆಚ್ಚು ಕೊಂಡು, ಕಲಘಟಗಿಗೆ ತಮ್ಮ ಮಾಲನ್ನು ಕಡಿಮೆ ಮಾರಿದರೆ ನವಲಗುಂದಕ್ಕೆ ನಷ್ಟವಾಯಿತೆಂದು ಹೇಳಲಾಗದು. ಅವರ ಹತ್ತಿಯು ಹುಬ್ಬಳ್ಳಿಯ ಮೂಲಕ ಮುಂಬಯಿಗೆ ಹೋಗಿ ಹಣ ತಂದರೆ, ಆ ಹಣದಿಂದ ಕಲಘಟಗಿಯ ಅಕ್ಕಿಯ ಬೆಲೆಯು ಸಂದಾಯವಾಗುವದು. ಒಬ್ಬನು ಕಂಬಾರನಿಗೆ ಕೊಡುವದೇ ಹೆಚ್ಚು, ಅವನಿಂದ ಪಡೆಯುವ ರೊಕ್ಕ ಏನೂ ಇಲ್ಲ. ಅಷ್ಟರಿಂದ ಅವನ ಮನೆಯು ಮುಳುಗುವದಿಲ್ಲ. ಲೆಕ್ಕವು ಸರಿಹೋಗಬೇಕಾದದ್ದು ಎಲ್ಲರೊಡನೆ ಮಾಡಿದ ವ್ಯವಹಾರದ ಒಟ್ಟು ಮೊತ್ತದಲ್ಲಿ.

ಈ ಸೀಮೆಯ ಹಳೆಯ ವ್ಯಾಪಾರವೇ ಇದಕ್ಕೆ ಸಾಕ್ಷಿ. ರೇಲ್ವೆಯು ಬರುವ ಮೊದಲು ಧಾರವಾಡ ಜಿಲ್ಲೆಯ ಹತ್ತಿಯು ಚಕ್ಕಡಿಗಳಲ್ಲಿಯೂ ಲಮಾಣಿಗಳ ಹೇರೆತ್ತುಗಳ ಮೇಲೂ ಘಟ್ಟವನ್ನಿಳಿದು ಕುಮಟಾ ಬಂದರವನ್ನು ಸೇರಿ, ಅಲ್ಲಿಂದ ಹಡಗಿನಲ್ಲಿ ಮುಂಬಯಿಗೆ ಹೋಗುತ್ತಿತ್ತು. ಈ ಸೀಮೆಯ ನಾಡಹತ್ತಿಗೆ ಪೇಟೆಯಲ್ಲಿ 'ಕುಮಟಾ ಹತ್ತಿ' ಎಂಬ ಹೆಸರು ಬಂದದ್ದು ಆ ಬಂದರದಿಂದಲೇ. ಕುಮಟೆಯ ನೆಲದಲ್ಲಿ ಅದು ಬೆಳೆದದ್ದಲ್ಲ. ಹೋಗುವಾಗ ಅರಳೆ, ಬರುವಾಗ ಉಪ್ಪು, ಕೊಬ್ಬರಿ. ಎತ್ತುಗಳು ಎರಡೂ ದಾರಿಗಳಲ್ಲಿ ಹೇರು ಹೊರುತ್ತಿದ್ದುದರಿಂದ ಸಾಗಣೆಯ ವೆಚ್ಚವು ಎರಡು ಮಾಲುಗಳ ಮೇಲೆ ಹಂಚಿಹೋಗುತ್ತಿತ್ತು. ಕುಮಟೆಯವರು ಹತ್ತಿಯನ್ನು ತಾವೇ ಬಳಸುತ್ತಿರಲಿಲ್ಲ. ಆದರೂ ಉಪ್ಪಿನ ಬೆಲೆಯು ಹತ್ತಿಯ ಹಣದಿಂದಲೇ ಸಲ್ಲುತ್ತಿತ್ತು.

೧೮೮೨ರಲ್ಲಿ ಸ್ಥಾಪಿತವಾದ ಸದರ್ನ್ ಮರಾಠಾ ರೇಲ್ವೆಯು ಅದೇ ದಶಕದಲ್ಲಿ ಹುಬ್ಬಳ್ಳಿಯನ್ನು ಗದಗ, ಹರಿಹರ, ಮುರಗಾಂವ ಬಂದರಗಳಿಗೆ ಜೋಡಿಸಿತು. ಅಣ್ಣಿಗೇರಿಯು ಗದಗಿನ ದಾರಿಯಲ್ಲಿಯೂ ಕುಂದಗೋಳವು ಹರಿಹರದ ದಾರಿಯಲ್ಲಿಯೂ ಬಂದವು. ನವಲಗುಂದ, ಕಲಘಟಗಿ ಪಟ್ಟಣಗಳು ರೇಲ್ವೆಯಿಂದ ದೂರ ಉಳಿದವು. ಕುಮಟೆಯ ಹತ್ತಿ ವ್ಯಾಪಾರವು ಕ್ಷೀಣಿಸಿತು. ಮಾಲು ಅದೇ, ಕೊಳ್ಳುವವರೂ ಅವರೇ. ಆದರೆ ಸಾಗಣೆಯ ಹಣವು ಎತ್ತಿನವರ ಕೈಯಿಂದ ರೇಲ್ವೆ ಕಂಪನಿಯ ಕೈಗೆ ಹೋಯಿತು. ವ್ಯಾಪಾರದ ಲೆಕ್ಕದಲ್ಲಿ ಸಾಗಣೆಯೂ ಒಂದು ಬಾಬು ಎಂಬದನ್ನು ಇದರಿಂದ ತಿಳಿಯಬಹುದು.

೩. ರಫ್ತು ಹೆಚ್ಚಾದ ಮಾತ್ರಕ್ಕೆ ಸಂಪತ್ತು ಹೆಚ್ಚುವದಿಲ್ಲ

ನಮ್ಮ ದೇಶದ ಚರಿತ್ರೆಯೇ ಈ ಮಾತನ್ನು ತೋರಿಸಿಕೊಡುವದು. ೧೯೧೪ರ ಮಹಾಯುದ್ಧಕ್ಕೆ ಮುಂಚಿನ ಹಲವು ದಶಕಗಳಲ್ಲಿ ಭಾರತದಿಂದ ಹೊರಹೋದ ಮಾಲಿನ ಬೆಲೆಯು ಒಳಬಂದ ಮಾಲಿನ ಬೆಲೆಗಿಂತ ಹೆಚ್ಚಾಗಿತ್ತು. ಇಂಗ್ಲಂಡಿನೊಡನೆ ಆಮದೇ ಹೆಚ್ಚು. ಯುರೋಪಿನ ಇತರ ದೇಶಗಳು, ಅಮೇರಿಕ, ಚೀನ, ಜಪಾನಗಳೊಡನೆ ರಫ್ತು ಹೆಚ್ಚು. ಈ ಎರಡನೆಯವರಿಂದ ಬಂದ ಉಳಿತಾಯವು ಇಂಗ್ಲಂಡಿನ ಬಾಕಿಯನ್ನು ತೀರಿಸುತ್ತಿತ್ತು. ಮೇಲ್ನೋಟಕ್ಕೆ ಇದು ಲಾಭದ ಲೆಕ್ಕದಂತೆ ಕಾಣುವದು. ಆದರೆ ಲಂಡನ್ನಿನಲ್ಲಿ ಕೊಡಬೇಕಾದ ಸಾಲದ ಬಡ್ಡಿ, ನಿವೃತ್ತ ಅಧಿಕಾರಿಗಳ ಪಿಂಚಣಿ, ಸೈನ್ಯದ ವೆಚ್ಚ, ಹಡಗುಗಳ ಬಾಡಿಗೆ ಮುಂತಾದವುಗಳಿಗೆ ಆ ಉಳಿತಾಯದ ದೊಡ್ಡ ಪಾಲು ಹೋಗುತ್ತಿತ್ತು. ದಾದಾಭಾಯಿ ನವರೋಜಿಯವರು ದಶಕಗಳ ವರೆಗೆ ಅಂಕಿಗಳನ್ನು ಕಲೆಹಾಕಿ ೧೯೦೧ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದಲ್ಲಿ ಈ ಸೋರಿಕೆಯನ್ನೇ ಎತ್ತಿ ತೋರಿಸಿದರು. ಬಂಡಿ ತುಂಬಿ ಹೊರಗೆ ಹೋದದ್ದಕ್ಕೆ ಪ್ರತಿಯಾಗಿ ಏನು ಬಂದಿತೆಂದು ಕೇಳುವದು ಅವರ ವಾದದ ತಿರುಳಾಗಿತ್ತು.

ದೇಶಕ್ಕೆ ಸಲ್ಲುವ ಈ ನ್ಯಾಯವು ಊರಿಗೂ ಸಲ್ಲುವದು.

೪. ಕಣ್ಣಿಗೆ ಕಾಣದ ಬಾಬುಗಳು

ಊರಿನಿಂದ ಹೊರಹೋಗುವ ಹಣವೆಲ್ಲ ಮಾಲಿನ ಬೆಲೆಯಲ್ಲ. ಸಾಲದ ಬಡ್ಡಿ, ಅಡತಿ, ಹಮಾಲಿ, ಬಾಡಿಗೆ, ಪಟ್ಟಣದಲ್ಲಿ ವಾಸಿಸುವ ಹೊಲದೊಡೆಯರಿಗೆ ಕೊಡುವ ಲಾವಣಿ, ಮಕ್ಕಳ ಶಿಕ್ಷಣದ ಮತ್ತು ಔಷಧೋಪಚಾರದ ವೆಚ್ಚ, ಇವೆಲ್ಲ ಹೊರಗೆ ಹೋಗತಕ್ಕವು. ಹಾಗೆಯೇ ಒಳಬರುವ ಹಣವೆಲ್ಲ ಬೆಳೆಯಿಂದಲೇ ಬರುವದಿಲ್ಲ. ಹುಬ್ಬಳ್ಳಿ, ಗೋವಾ, ಬೆಂಗಳೂರುಗಳಲ್ಲಿ ದುಡಿಯುವವರು ಕಳಿಸುವ ಹಣ, ನೌಕರರ ಪಿಂಚಣಿ, ಸರಕಾರದ ಸಹಾಯಧನ ಇವೂ ಜಮೆಗೆ ಸೇರತಕ್ಕವು.

ಉದಾಹರಣೆಗಾಗಿ ಒಂದು ಊರನ್ನು ಕಲ್ಪಿಸಿಕೊಳ್ಳಿರಿ. ಸಾಧಾರಣ ವರ್ಷದಲ್ಲಿ ಅದರ ರಫ್ತು ನೂರು ರೂಪಾಯಿ ಎಂದಿಟ್ಟುಕೊಳ್ಳೋಣ: ಹತ್ತಿ ೬೦, ಹೆಸರು ೨೦, ಮೆಣಸಿನಕಾಯಿ ೨೦. ಅದರ ಆಮದು ೮೦: ಎಣ್ಣೆ, ಅಕ್ಕಿ, ಸಕ್ಕರೆ, ಅರಿವೆ ಮುಂತಾದ ಮನೆವಾರ್ತೆಗೆ ೪೫, ಬೀಜ, ಗೊಬ್ಬರ, ಔಷಧಿ, ಡೀಸೆಲಿಗೆ ೩೫. ಮಾಲಿನ ಲೆಕ್ಕದಲ್ಲಿ ೨೦ ರೂಪಾಯಿ ಉಳಿತಾಯ, ಊರವರು ಸಂತೋಷಪಡುವರು. ಆದರೆ ಬಡ್ಡಿ ೧೫, ಅಡತಿ–ಬಾಡಿಗೆಗಳು ೧೦, ಹೊರಗಿನ ಒಡೆಯರ ಲಾವಣಿ ೧೦, ಕೂಡಿ ೩೫ ಹೊರಗೆ ಹೋಗುವದು. ದುಡಿಯಲು ಹೋದವರು ೫ ರೂಪಾಯಿ ಕಳಿಸುವರು. ಒಟ್ಟು ಜಮೆ ೧೦೫, ಖರ್ಚು ೧೧೫. ಉಳಿತಾಯವೆಂದು ತೋರಿದ್ದು ನಿಜವಾಗಿ ೧೦ ರೂಪಾಯಿಯ ಕೊರತೆ. ಈ ಕೊರತೆಯು ಹೊಸ ಸಾಲದಿಂದ ತುಂಬುವದು; ಆ ಸಾಲದ ಬಡ್ಡಿಯು ಮರುವರ್ಷ ಖರ್ಚಿನ ಬದಿಗೆ ಬಂದು ಕೂಡುವದು.

ಇನ್ನು ಹತ್ತಿಯ ಧಾರಣೆಯು ಮೂರನೆಯ ಒಂದು ಪಾಲು ಇಳಿಯಿತೆಂದು ತಿಳಿಯಿರಿ. ೬೦ ಇದ್ದದ್ದು ೪೦ ಆಗುವದು. ಕೊರತೆಯು ೩೦ಕ್ಕೆ ಏರುವದು. ಧಾರಣೆಯು ಅಷ್ಟೇ ಏರಿದ ವರ್ಷ ೧೦ ರೂಪಾಯಿ ಉಳಿಯುವದು. ಹತ್ತು ವರ್ಷಗಳಲ್ಲಿ ಎರಡು ತೇಜಿ, ಐದು ಸಾಧಾರಣ, ಮೂರು ಮಂದಿ ವರ್ಷಗಳು ಬಂದರೆ, ೨೦ ರೂಪಾಯಿ ಉಳಿದು ೧೪೦ ರೂಪಾಯಿ ಕೊರತೆ ಬೀಳುವದು. ನಿವ್ವಳ ಕೊರತೆ ೧೨೦. ಬೆಳೆಯುವ ಬಡ್ಡಿಯನ್ನು ಎಣಿಸದಿದ್ದರೂ ಇದು ಒಂದು ವರ್ಷದ ಇಡೀ ರಫ್ತಿಗಿಂತ ಹೆಚ್ಚು. ಸಾಲವು ಸಿಕ್ಕದೆ ಹೋದ ದಿನ ಇದು ಹೊಲದ ಮಾರಾಟದಿಂದ ತೀರುವದು. ದೀರ್ಘಕಾಲದಲ್ಲಿ ಪ್ರತಿಯೊಂದು ಸೀಮೆಯ ಲೆಕ್ಕವೂ ಸರಿಹೋಗಿಯೇ ತೀರುವದು. ಮಾಲಿನಿಂದಲೋ, ದುಡಿಮೆಯಿಂದಲೋ, ಭೂಮಿಯಿಂದಲೋ ಎಂಬದೇ ಪ್ರಶ್ನೆ.

೫. ತೇಜಿಯ ಕಾಲದ ಪಾಠ

ಅಮೇರಿಕದ ಅಂತರ್ಯುದ್ಧವು ೧೮೬೧ರಿಂದ ೧೮೬೫ರ ವರೆಗೆ ನಡೆದಾಗ ಇಂಗ್ಲಂಡಿನ ಗಿರಣಿಗಳಿಗೆ ಅಲ್ಲಿಯ ಹತ್ತಿಯು ನಿಂತುಹೋಯಿತು. ಧಾರವಾಡ ಜಿಲ್ಲೆಯಲ್ಲಿ ೧೮೪೦ರ ದಶಕದಿಂದಲೇ ನ್ಯೂ ಆರ್ಲೀನ್ಸಿನ ಬೀಜದಿಂದ ಬೆಳೆಯುತ್ತಿದ್ದ 'ಧಾರವಾಡ ಅಮೇರಿಕನ್' ಹತ್ತಿಗೂ ಕುಮಟಾ ಹತ್ತಿಗೂ ಹಿಂದೆಂದೂ ಕಾಣದ ಬೆಲೆ ಬಂದಿತು. ಮುಂಬಯಿಗೆ ಬೆಳ್ಳಿಯು ಹರಿದು ಬಂದಿತು. ಯುದ್ಧವು ೧೮೬೫ರಲ್ಲಿ ಮುಗಿದೊಡನೆ ಧಾರಣೆಯು ಕುಸಿಯಿತು. ಮುಂಬಯಿಯಲ್ಲಿ ಶೇರುಗಳ ವ್ಯಾಪಾರವು ಮುರಿದುಬಿದ್ದು ದೊಡ್ಡ ದೊಡ್ಡ ಮನೆತನಗಳು ದಿವಾಳಿಯಾದವು. ಹನ್ನೊಂದು ವರ್ಷಗಳ ತರುವಾಯ ೧೮೭೬–೭೮ರ ಘೋರ ಬರಗಾಲವು ಬಂದಿತು. ಆಗ ಈ ಸೀಮೆಗೆ ರೇಲ್ವೆಯು ಬಂದಿರಲಿಲ್ಲ. ರೊಕ್ಕವಿದ್ದವರಿಗೂ ದೂರದ ಕಾಳನ್ನು ಬೇಗನೆ ತರಿಸುವ ಉಪಾಯವಿರಲಿಲ್ಲ. ಹಗೇವಿನಲ್ಲಿ ಜೋಳವಿದ್ದವರಿಗೆ ಅದೇ ಆಧಾರವಾಯಿತು. ಒಳಗೆ ಬಂದ ಹಣವು ಹಗೇವಿನ ಕಾಳಾಗಿ, ಬಾವಿಯಾಗಿ, ಒಡ್ಡಾಗಿ ಉಳಿದರೆ ಮಾತ್ರ ಕಷ್ಟಕಾಲಕ್ಕೆ ಒದಗುವದು.

ತೇಜಿಯ ಅದೇ ಕಾಲದಲ್ಲಿ ಮತ್ತೊಂದು ಕೆಡುಕೂ ಬೆಳೆಯಿತು. ಬೆಲೆ ಬಂದಿತೆಂದು ಒಳ್ಳೆಯ ಅರಳೆಯಲ್ಲಿ ಕೀಳು ಅರಳೆಯನ್ನೂ ಕಸವನ್ನೂ ಬೆರೆಸುವವರು ಹೆಚ್ಚಿದರು. ಇದನ್ನು ತಡೆಯಲು ಮುಂಬಯಿ ಸರಕಾರವು ೧೮೬೩ರಲ್ಲಿ ಕಾಯದೆಯನ್ನೇ ಮಾಡಬೇಕಾಯಿತು. ಕಲಬೆರಕೆ ಮಾಡಿದವನಿಗೆ ಒಂದು ದಿನದ ಲಾಭ. ಹೆಸರು ಕೆಟ್ಟಮೇಲೆ ಇಡೀ ಸೀಮೆಯ ಮಾಲಿಗೆ ಹಲವು ವರ್ಷಗಳ ವರೆಗೆ ಕಡಿಮೆ ಬೆಲೆ. ಇದಕ್ಕೆ ಪ್ರತಿಯಾದ ದಾರಿಯನ್ನೂ ನಮ್ಮವರೇ ತೋರಿಸಿದರು. ೧೯೦೫ರಲ್ಲಿ ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ಸಹಕಾರಿ ಪತ್ತಿನ ಸಂಘವು ಹುಟ್ಟಿತು. ೧೯೧೫ರಲ್ಲಿ ಹುಬ್ಬಳ್ಳಿಯಲ್ಲಿ ಸುಧಾರಿಸಿದ ಹತ್ತಿಯನ್ನು ಒಟ್ಟಾಗಿ ಮಾರುವ ಸಹಕಾರಿ ಸಂಘವು ಏರ್ಪಟ್ಟಿತು. ಮೊದಲನೆಯದು ಬಡ್ಡಿಯ ಬಾಬನ್ನು, ಎರಡನೆಯದು ದಲಾಲಿಯ ಬಾಬನ್ನು ಕಡಿಮೆ ಮಾಡುವದಕ್ಕಾಗಿ ಹುಟ್ಟಿದವೆಂಬದನ್ನು ಗಮನಿಸಬೇಕು.

೬. ಇಬ್ಬರ ನಡುವೆಯೇ ಸರಿತೂಕವನ್ನು ಹಟ ಹಿಡಿದಾಗ

ಕೊಳ್ಳುವವನು ಒಬ್ಬನೇ ಆದರೆ ಒದಗುವ ಅಪಾಯವನ್ನು ಜಪಾನಿನ ಪ್ರಸಂಗದಿಂದ ತಿಳಿಯಬಹುದು. ಭಾರತದ ಗಿಡ್ಡ ಎಳೆಯ ಹತ್ತಿಗೆ ಜಪಾನು ದೊಡ್ಡ ಗಿರಾಕಿಯಾಗಿತ್ತು. ಅಲ್ಲಿಯ ಅಗ್ಗದ ಅರಿವೆಯು ಇಲ್ಲಿಗೆ ಬರುತ್ತಿತ್ತು. ೧೯೩೩ರಲ್ಲಿ ಭಾರತ ಸರಕಾರವು ಆ ಅರಿವೆಯ ಮೇಲಿನ ಸುಂಕವನ್ನು ಬಹಳವಾಗಿ ಏರಿಸಿತು. ಜಪಾನಿನ ಗಿರಣಿಯವರು ನಮ್ಮ ಹತ್ತಿಯನ್ನು ಕೊಳ್ಳುವದನ್ನೇ ಬಿಟ್ಟರು. ಕೊನೆಗೆ ೧೯೩೪ರಲ್ಲಿ ಒಪ್ಪಂದವಾಯಿತು: ಜಪಾನು ವರ್ಷಕ್ಕೆ ೧೦ ಲಕ್ಷ ಬೇಲು ಹತ್ತಿಯನ್ನು ಕೊಂಡರೆ ೩೨.೫ ಕೋಟಿ ವಾರು ಅರಿವೆಯನ್ನು ಇಲ್ಲಿಗೆ ಕಳಿಸಬಹುದು. ೧೫ ಲಕ್ಷ ಬೇಲು ಕೊಂಡರೆ ೪೦ ಕೋಟಿ ವಾರುಗಳ ವರೆಗೆ ಕಳಿಸಬಹುದು. ಅರಿವೆಯ ಆಮದನ್ನು ತಡೆಯಲು ಹೋದದ್ದರಿಂದ ಹತ್ತಿಯ ರಫ್ತಿಗೆ ಪೆಟ್ಟು ಬಿದ್ದಿತೆಂಬದನ್ನು ಇಲ್ಲಿ ಕಾಣಬಹುದು. ನಮ್ಮಿಂದ ಕೊಳ್ಳುವವನಿಗೆ ಆ ಹಣವು ಎಲ್ಲಿಂದಲಾದರೂ ಬರಬೇಕಲ್ಲವೆ? ೧೯೪೧ರಲ್ಲಿ ಯುದ್ಧದ ಕಾರಣದಿಂದ ಆ ಪೇಟೆಯು ಪೂರ್ತಿಯಾಗಿ ಮುಚ್ಚಿತು. ಗಿಡ್ಡ ಎಳೆಯ ಹತ್ತಿಯನ್ನು ಬೆಳೆದವರು ಕೊಳ್ಳುವವರಿಲ್ಲದೆ ಕಂಗೆಟ್ಟರು.

೭. ನವಲಗುಂದದ ೧೯೮೦ನೆಯ ವರ್ಷ

ಈ ಪಾಠವು ನಮ್ಮ ಸೀಮೆಯಲ್ಲಿಯೇ ಬಹು ದುಃಖದಿಂದ ಕಲಿಯಲ್ಪಟ್ಟಿತು. ಸವದತ್ತಿಯ ಬಳಿಯ ನವಿಲುತೀರ್ಥದ ಅಣೆಕಟ್ಟಿನಿಂದ ಮಲಪ್ರಭೆಯ ನೀರು ೧೯೭೦ರ ದಶಕದಲ್ಲಿ ಎರೆ ಭೂಮಿಗೆ ಬಂದಿತು. ಧಾರವಾಡದ ಸಂಶೋಧಕರಾದ ಡಾ. ಬಿ. ಎಚ್. ಕಟರಕಿಯವರು ೧೯೭೨ರಲ್ಲಿ ಹೊರತಂದ 'ವರಲಕ್ಷ್ಮಿ' ಸಂಕರ ಹತ್ತಿಯು ಉದ್ದ ಎಳೆಯದಾಗಿ ಒಳ್ಳೆಯ ಬೆಲೆಯನ್ನು ತರುತ್ತಿತ್ತು. ರೈತರು ಬೀಜಕ್ಕೂ ಗೊಬ್ಬರಕ್ಕೂ ಔಷಧಿಗೂ ಸಾಲ ಮಾಡಿ ಅದನ್ನೇ ಹಬ್ಬಿಸಿದರು. ದಶಕದ ಕೊನೆಯಲ್ಲಿ ಅದರ ಬೆಲೆಯು ಬಿದ್ದಿತು. ಅದೇ ವೇಳೆಗೆ ನೀರಿನ ಕರವೂ, ನೀರಾವರಿಯಿಂದ ಭೂಮಿಯ ಬೆಲೆ ಹೆಚ್ಚಿತೆಂದು ಹಾಕಿದ ಅಭಿವೃದ್ಧಿ ಕರವೂ ವಸೂಲಿಗೆ ಬಂದವು. ೧೯೮೦ನೆಯ ಜುಲೈ ೨೧ರಂದು ನವಲಗುಂದ, ನರಗುಂದಗಳಲ್ಲಿ ನಡೆದ ಚಳವಳಿಯಲ್ಲಿ ಗೋಲಿಬಾರಾಗಿ ರೈತರ ಪ್ರಾಣಹಾನಿಯಾಯಿತು. ಅದೇ ವರ್ಷ ಕರ್ನಾಟಕ ರಾಜ್ಯ ರೈತ ಸಂಘವು ಹುಟ್ಟಿತು.

ಕಾರಣಗಳು ಹಲವಿದ್ದರೂ ಲೆಕ್ಕದ ಮಾತು ಸ್ಪಷ್ಟವಿದೆ. ಹೊರಹೋಗುವ ಮಾಲು ಒಂದೇ. ಅದರ ಬೆಲೆಯು ಏರಿಳಿಯತಕ್ಕದ್ದು. ಹೊರಹೋಗುವ ದೇಣಿಗಳು ಹಲವು, ಅವು ಇಳಿಯತಕ್ಕವಲ್ಲ. ತೇಜಿಯ ವರ್ಷದ ಬೆಲೆಯನ್ನು ನಂಬಿ ನಿಶ್ಚಿತ ದೇಣಿಗಳನ್ನು ಮೈಮೇಲೆ ಹಾಕಿಕೊಂಡ ಅಥವಾ ಹೊರಿಸಿಕೊಂಡ ಸೀಮೆಯು ಮಂದಿಯ ವರ್ಷದಲ್ಲಿ ತಾಳಲಾರದು.

೮. ಈಗಿನ ಸ್ಥಿತಿ

ಮೊದಲು ಮನೆಯೊಳಗಿದ್ದ ಎಷ್ಟೋ ಪದಾರ್ಥಗಳು ಈಗ ಆಮದಿನ ಬದಿಗೆ ಸರಿದಿವೆ. ಜಯಧರದಂಥ ನಾಡಹತ್ತಿಯ ಬೀಜವನ್ನು ರೈತನು ತಾನೇ ತೆಗೆದಿಡುತ್ತಿದ್ದನು. ಸಂಕರ ಹತ್ತಿಯು ಬಂದಮೇಲೆ, ವಿಶೇಷವಾಗಿ ೨೦೦೨ರಲ್ಲಿ ಬಿ.ಟಿ. ಹತ್ತಿಗೆ ಅನುಮತಿ ದೊರೆತ ತರುವಾಯ, ಬೀಜವನ್ನು ಪ್ರತಿವರ್ಷ ಕೊಳ್ಳಬೇಕಾಗಿದೆ. ಜೋಳದ ಹೊಲದಲ್ಲಿ ಅಕ್ಕಡಿ ಸಾಲಾಗಿ ಬೆಳೆಯುತ್ತಿದ್ದ ಕುಸುಬಿಯು ಬಹಳ ಕಡಿಮೆಯಾಗಿದೆ. ಊರ ಗಾಣದ ಎಣ್ಣೆಗೆ ಬದಲಾಗಿ ಇಂಡೋನೇಶಿಯ, ಮಲೇಶಿಯಗಳ ತಾಳೆ ಎಣ್ಣೆಯು ಅಡಿಗೆಮನೆಗೆ ಬಂದಿದೆ. ಭಾರತವು ತಿನ್ನುವ ಎಣ್ಣೆಯ ಅರ್ಧಕ್ಕಿಂತ ಹೆಚ್ಚಿನ ಭಾಗವು ಹೊರದೇಶಗಳದ್ದು. ಗಾಣವು ನಿಂತುದರಿಂದ ಎಣ್ಣೆಯೊಂದೇ ಅಲ್ಲ, ದನಗಳ ಹಿಂಡಿಯೂ ಕೊಳ್ಳುವ ಪದಾರ್ಥವಾಯಿತು.

ಸುಂಕದ ಏರಿಳಿತವೂ ರೈತನ ಕೈಯಲ್ಲಿಲ್ಲ. ೨೦೨೧ರಲ್ಲಿ ಹೊರದೇಶದ ಹತ್ತಿಯ ಮೇಲೆ ಪ್ರತಿಶತ ೧೧ರಷ್ಟು ಸುಂಕವು ಬಿದ್ದಿತು. ೨೦೨೨ರಲ್ಲಿಯೂ ೨೦೨೫ರಲ್ಲಿಯೂ ಗಿರಣಿಗಳ ಅನುಕೂಲಕ್ಕಾಗಿ ಕೆಲವು ತಿಂಗಳು ಅದನ್ನು ಬಿಡಲಾಯಿತು. ಬಿತ್ತುವಾಗ ಇದ್ದ ಸುಂಕವು ಬಿಡಿಸುವಾಗ ಇದ್ದೇ ಇರುವದೆಂದು ನಂಬಿ ಲೆಕ್ಕ ಹಾಕಲಾಗದು.

ಆದರೆ ಒಳ್ಳೆಯ ಹೆಸರಿನ ಮಾಲುಗಳೂ ಈ ಸೀಮೆಯಲ್ಲಿ ಇವೆ. ಕುಂದಗೋಳದ ಹೊಲಗಳಲ್ಲಿಯೂ ಬೆಳೆಯುವ ಬ್ಯಾಡಗಿ ಮೆಣಸಿನಕಾಯಿಯು ತನ್ನ ಬಣ್ಣಕ್ಕಾಗಿ ೨೦೧೧ರಲ್ಲಿ ಭೌಗೋಳಿಕ ಗುರುತನ್ನು ಪಡೆಯಿತು. ನವಲಗುಂದದ ಹೆಣ್ಣುಮಕ್ಕಳು ನೇಯುವ ಜಮಖಾನೆಗೂ ಅಂಥ ಗುರುತಿದೆ. ಕಲಘಟಗಿಯ ಬಣ್ಣದ ತೊಟ್ಟಿಲು ದೂರದ ಊರುಗಳಿಗೆ ಹೋಗುವದು. ಇವುಗಳ ಬೆಲೆಯಲ್ಲಿ ಕೈಗೆಲಸದ ಕೂಲಿಯೂ ಸೀಮೆಯ ಹೆಸರೂ ಸೇರಿ ಬರುವವು. ಬರಿಯ ಕಚ್ಚಾ ಮಾಲಿನಲ್ಲಿ ಅವು ಬರುವದಿಲ್ಲ.

೯. ಮಾಡತಕ್ಕ ಕೆಲಸಗಳು

ಮೊದಲನೆಯದಾಗಿ, ಪ್ರತಿಯೊಂದು ಊರಿನ ಮುಖಂಡರು ಹತ್ತಿಪ್ಪತ್ತು ಮನೆಗಳವರನ್ನು ಒಪ್ಪಿಸಿ ವರ್ಷವರ್ಷದ ಲೆಕ್ಕವನ್ನು ಐದು ಬಾಬುಗಳಲ್ಲಿ ಬರೆಯಿಸಬೇಕು: ಹೊರಹೋದ ಮಾಲು, ಒಳಬಂದ ಮಾಲು, ಹೊರಹೋದ ಇತರ ಹಣ, ಒಳಬಂದ ಇತರ ಹಣ, ಮತ್ತು ಅಂತರವು ತುಂಬಿದ ಬಗೆ. ಸಾಲವಾದರೆ ಯಾತಕ್ಕಾಗಿ ಎಂಬದನ್ನೂ ಬರೆಯತಕ್ಕದ್ದು.

ಎರಡನೆಯದಾಗಿ, ಕೊರತೆಯೆಲ್ಲ ಕೆಟ್ಟದ್ದಲ್ಲವೆಂಬದನ್ನು ನೆನಪಿಡಬೇಕು. ಕೃಷಿಹೊಂಡ, ಒಡ್ಡು, ಉಗ್ರಾಣಗಳಿಗಾಗಿ ಆದ ಸಾಲವು ಮುಂದಿನ ರಫ್ತನ್ನು ಹೆಚ್ಚಿಸಿ ತನ್ನನ್ನು ತಾನೇ ತೀರಿಸಿಕೊಳ್ಳಬಲ್ಲದು. ಮನೆವಾರ್ತೆಗೂ ಹಳೆಯ ಬಡ್ಡಿಗೂ ಆದ ಸಾಲವು ಹಾಗೆ ತೀರಲಾರದು. ಎರಡನ್ನೂ ಬೇರೆ ಬೇರೆಯಾಗಿ ತೋರಿಸಬೇಕು.

ಮೂರನೆಯದಾಗಿ, ಬಡ್ಡಿ, ಬಾಡಿಗೆ, ಲಾವಣಿ ಮೊದಲಾದ ನಿಶ್ಚಿತ ದೇಣಿಗಳನ್ನು ಮಂದಿಯ ವರ್ಷದ ಆದಾಯಕ್ಕೆ ಹೊಂದಿಸಿಕೊಳ್ಳಬೇಕೇ ಹೊರತು ತೇಜಿಯ ವರ್ಷದ ಆದಾಯಕ್ಕಲ್ಲ.

ನಾಲ್ಕನೆಯದಾಗಿ, ಹೊರಡುವ ಮಾಲು ಮೂರು ಬಗೆಯದಾದರೂ ಇರಲಿ, ಅವುಗಳ ಗಿರಾಕಿಗಳು ಬೇರೆ ಬೇರೆಯಾಗಿರಲಿ. ಮನೆಗೆ ಸಾಕಾಗುವಷ್ಟು ಜೋಳ, ಕಡಲಿಗಳನ್ನು ತೆಗೆದಿರಿಸಿಯೇ ಉಳಿದದ್ದನ್ನು ಮಾರತಕ್ಕದ್ದು.

ಐದನೆಯದಾಗಿ, ಸ್ವಲ್ಪ ಶ್ರಮದಿಂದ ಊರಲ್ಲಿಯೇ ಆಗತಕ್ಕ ಕೆಲಸವನ್ನು ಹೊರಗೆ ಕೊಡಬಾರದು. ಮೇಲಿನ ಉದಾಹರಣೆಯ ಊರವರು ಕುಸುಬಿಯನ್ನು ಬೆಳೆದು ಗಾಣ ಹಾಕಿ, ಹೆಸರನ್ನು ಬೇಳೆಮಾಡಿ, ಮನೆವಾರ್ತೆಯ ೪೫ರಲ್ಲಿ ೧೦ ರೂಪಾಯಿಯನ್ನು ಉಳಿಸಿದರೆ ಸಾಧಾರಣ ವರ್ಷದ ಕೊರತೆಯು ಪೂರ್ತಿಯಾಗಿ ನಿಲ್ಲುವದು. ಇದರರ್ಥ ಹೊರಗಿನದೇನನ್ನೂ ಕೊಳ್ಳಬಾರದೆಂದಲ್ಲ. ಕಲಘಟಗಿಯ ಅಕ್ಕಿಯನ್ನು ನವಲಗುಂದದ ಎರೆಯಲ್ಲಿ ಬೆಳೆಯಹೊರಡುವದು ಅವಿವೇಕವೇ ಸರಿ.

ಆರನೆಯದಾಗಿ, ಮಾಲನ್ನು ಸ್ವಚ್ಛವಾಗಿ, ತರಗತಿಯಂತೆ ವಿಂಗಡಿಸಿ, ಸಂಘದ ಮೂಲಕ ಒಟ್ಟಾಗಿ ಪೇಟೆಗೆ ಒಯ್ಯಬೇಕು. ಕಲಬೆರಕೆ ಮಾಡುವವನನ್ನು ಊರೇ ತಡೆಯಬೇಕು. ಏಕೆಂದರೆ ಅವನು ಮಾರುವದು ತನ್ನ ಮಾಲನ್ನಷ್ಟೇ ಅಲ್ಲ, ಎಲ್ಲರ ಹೆಸರನ್ನೂ.

ಲೆಕ್ಕವನ್ನು ಬರೆಯುವದರಿಂದಲೇ ಧಾರಣೆಯು ಏರುವದಿಲ್ಲ, ಮಳೆಯೂ ಬರುವದಿಲ್ಲ. ಆದರೆ ಕೊರತೆಯು ಹೊಲದ ಬಾಂಧಿಗೆ ಬಂದು ತಲುಪುವ ಐದಾರು ವರ್ಷ ಮೊದಲೇ ಅದು ಪುಸ್ತಕದಲ್ಲಿ ಕಾಣಿಸಿಕೊಳ್ಳುವದು. ಆ ಐದಾರು ವರ್ಷಗಳಲ್ಲಿ ಬೆಳೆಯನ್ನು ಬದಲಿಸಲು, ಸಾಲವನ್ನು ಇಳಿಸಲು, ಸಂಘವನ್ನು ಕಟ್ಟಲು ಅವಕಾಶವಿರುವದು. ಗ್ರಾಮದ ಹಿರಿಯರು ಬರುವ ಯುಗಾದಿಯಿಂದಲೇ ಈ ಲೆಕ್ಕವನ್ನು ಆರಂಭಿಸಬೇಕೆಂದು ಸೂಚಿಸಲಾಗಿದೆ.